ಆಫರ್ ಲೆಟರ್ ಕೊಟ್ಟ ಮೇಲಿನ ಮೌನ

(ಪುಣೆಯ ಭೋಸರಿಯಲ್ಲಿ ಯಂತ್ರದ ಬಿಡಿಭಾಗಗಳ ಸಣ್ಣ ಕಾರ್ಖಾನೆ ನಡೆಸುತ್ತಿರುವ ಓದುಗರೊಬ್ಬರ ಪತ್ರದ ಸಾರ: ಒಂದು ವರ್ಷದಲ್ಲಿ ಐವರಿಗೆ ಆಫರ್ ಲೆಟರ್ ಕೊಟ್ಟೆ. ಐವರೂ ಒಪ್ಪಿ ಸಹಿ ಮಾಡಿದರು, ಇಬ್ಬರು ಬರಲೇ ಇಲ್ಲ. ಒಬ್ಬರು ಸೇರಬೇಕಾದ ದಿನ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಿದರು, ಇನ್ನೊಬ್ಬರು ಫೋನನ್ನೇ ಎತ್ತಲಿಲ್ಲ. ಕೊಟ್ಟ ಮಾತಿಗೆ ಈಗ ಬೆಲೆಯಿಲ್ಲವೇ? ಮುಂದೆ ಬಾಂಡ್ ಬರೆಸಿಕೊಳ್ಳಲೇ, ವಾರಕ್ಕೊಮ್ಮೆ ಫೋನ್ ಮಾಡಲೇ? ಮುಂದಿನ ತಿಂಗಳು ಧಾರವಾಡದಿಂದ ಒಬ್ಬರು ಸೇರಬೇಕಿದೆ.)

ಮಾನ್ಯರೇ,

ತಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಲವತ್ತು ಜನರ ಕಾರ್ಖಾನೆಯಲ್ಲಿ ಒಬ್ಬರ ಜಾಗ ಮೂರು ತಿಂಗಳು ಖಾಲಿ ಬಿದ್ದರೆ ಆ ಹೊರೆ ಯಾರ ಹೆಗಲಿಗೆ ಬೀಳುತ್ತದೆಂಬುದು ತಮಗೇ ಗೊತ್ತು. ಬರುವುದಿಲ್ಲವೆಂದು ಮೊದಲೇ ತಿಳಿಸದೆ ಇದ್ದವರನ್ನು ನಾನು ಸಮರ್ಥಿಸುವುದಿಲ್ಲ. ಆದರೂ ತಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ಒಂದು ಪ್ರಶ್ನೆ ಉಳಿಯಿತು: ಸಹಿಯಾದ ದಿನದಿಂದ ಸೇರಬೇಕಾದ ದಿನದವರೆಗೆ ತಮ್ಮ ಕಡೆಯಿಂದ ಅವರಿಗೆ ಏನು ತಲುಪಿತು? ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ.

ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಂಪನಿಯಲ್ಲಿ ದುಡಿಯಬೇಕಾದ ಅವಧಿ, ತೊಂಬತ್ತು ದಿನವಿದ್ದರೆ ಆ ತೊಂಬತ್ತು ದಿನವೂ ಅವರು ಹಳೆಯ ಸಹೋದ್ಯೋಗಿಗಳ ಜೊತೆಯಲ್ಲೇ ಊಟ ಮಾಡುತ್ತಾರೆ. ಅದುವರೆಗೆ ತಿರುಗಿಯೂ ನೋಡದ ಮ್ಯಾನೇಜರ್ ಈಗ ಪಕ್ಕದಲ್ಲಿ ಕೂರಿಸಿಕೊಂಡು ಸಂಬಳ ಹೆಚ್ಚಿಸುವ ಮಾತಾಡುತ್ತಾರೆ. ಮನೆಯಲ್ಲಿ ಹಿರಿಯರು ಗೊತ್ತಿಲ್ಲದ ಊರಿಗೆ ಯಾಕೆ ಎಂದು ಕೇಳುತ್ತಾರೆ. ಇಷ್ಟೆಲ್ಲದರ ಎದುರು ತಮ್ಮ ಕಾರ್ಖಾನೆ ಅವರ ಪಾಲಿಗೆ ಎರಡು ಪುಟದ ಕಾಗದ ಮಾತ್ರ. ಆ ಕಾಗದ ಮೂರು ತಿಂಗಳು ಮಾತಾಡದಿದ್ದರೆ, ಅಲ್ಲಿ ತನಗಾಗಿ ಯಾರೂ ಕಾಯುತ್ತಿಲ್ಲವೆಂದು ಅವರಿಗೆ ಅನ್ನಿಸುವುದು ಸಹಜ.

ಬಾಂಡಿನ ವಿಚಾರ ಬಿಟ್ಟುಬಿಡಿ. ಯಾರನ್ನೇ ಆಗಲಿ ಬಲವಂತವಾಗಿ ಕೆಲಸಕ್ಕೆ ಹಚ್ಚುವ ಆದೇಶವನ್ನು ನಮ್ಮ ನ್ಯಾಯಾಲಯಗಳು ಕೊಡುವುದಿಲ್ಲ. ಪರಿಹಾರ ಕೇಳಬೇಕೆಂದರೆ 1872ರ ಕರಾರು ಕಾಯ್ದೆಯಡಿ ತಮಗಾದ ನಷ್ಟವನ್ನು ತೋರಿಸಬೇಕು. ಸಣ್ಣ ಕಾರ್ಖಾನೆಯ ಮಾಲೀಕರಿಗೆ ಕೋರ್ಟಿಗೆ ಅಲೆಯಲು ಪುರುಸೊತ್ತಾದರೂ ಎಲ್ಲಿದೆ?

ಫೋನ್ ಮಾಡಿ, ಆದರೆ ಕೈಯಲ್ಲಿ ಹೇಳಲು ಏನಾದರೂ ಇಟ್ಟುಕೊಂಡು ಮಾಡಿ. ‘ಬರುತ್ತೀರಿ ತಾನೇ?’ ಎಂದು ವಾರವಾರ ಕೇಳಿದರೆ ಅದು ಸಾಲ ವಸೂಲಿಯಂತಾಗುತ್ತದೆ. ಒಪ್ಪಿಗೆ ಬಂದ ವಾರದೊಳಗೆ, ಅವರು ಯಾರ ಕೈಕೆಳಗೆ ಕೆಲಸ ಮಾಡಬೇಕೋ ಆ ಸೂಪರ್‌ವೈಸರೇ ಅವರೊಡನೆ ಮಾತಾಡಿ ಶಿಫ್ಟ್ ಯಾವುದು, ಯಾವ ಯಂತ್ರದ ಮೇಲೆ ಕೆಲಸ, ಊಟದ ವ್ಯವಸ್ಥೆ ಏನು ಎಂಬುದನ್ನು ಹೇಳಲಿ. ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ ಒಮ್ಮೆಗೇ ಕೇಳಿ; ಮೂವರು ಮೂರು ಸಲ ಕೇಳುವುದು ಬೇಡ. ಆಮೇಲೆ ಹದಿನೈದು ಇಪ್ಪತ್ತು ದಿನಕ್ಕೊಂದು ಕರೆ ಸಾಕು.

ಕರ್ನಾಟಕದಿಂದ ಸಂಸಾರ ಸಮೇತ ಬರುವವರಿಗಂತೂ ಕೆಲಸಕ್ಕಿಂತ ಊರಿನದೇ ಚಿಂತೆ. ಇಲ್ಲಿ ಮನೆ ಬಾಡಿಗೆಗೆ ಲೀವ್ ಅಂಡ್ ಲೈಸೆನ್ಸ್ ಕರಾರನ್ನು (ಇಂತಿಷ್ಟು ಕಾಲ ವಾಸಕ್ಕೆ ಅನುಮತಿ ಕೊಡುವ ಒಪ್ಪಂದ) ನೋಂದಾಯಿಸಲೇಬೇಕು. ಡಿಪಾಸಿಟ್ ಹಣವನ್ನು ಮೊದಲ ಸಂಬಳ ಕೈಗೆ ಬರುವ ಮುಂಚೆಯೇ ಹೊಂದಿಸಬೇಕು. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಕನ್ನಡ ಓದಿ ಬಂದ ಮಗುವಿನ ತಾಯಿತಂದೆಗೆ ಇದು ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲಲ್ಲಿ ತಿಳಿಯುವುದಕ್ಕಿಂತ ಮೊದಲೇ ತಮ್ಮಿಂದ ತಿಳಿದರೆ ಎಷ್ಟೋ ಮೇಲು. ವರ್ಷಗಳಿಂದ ಪುಣೆಯಲ್ಲಿರುವ ಕನ್ನಡಿಗರಾದ ತಮಗೆ ಇವೆಲ್ಲ ನಾಲಿಗೆಯ ತುದಿಯಲ್ಲಿವೆ.

ಇಲ್ಲಿ ನನ್ನ ಅನುಭವವೊಂದನ್ನು ಹೇಳಬೇಕೆನ್ನಿಸುತ್ತದೆ. 1986ರಲ್ಲಿ ಮುಂಬಯಿಯ ಕೋಟೆ ಪ್ರದೇಶದ ಒಂದು ಕಚೇರಿಗೆ ಆಯ್ಕೆಯಾಗಿ ನಾನು ಉಡುಪಿಯ ಹತ್ತಿರದ ಹಳ್ಳಿಯಲ್ಲಿ ಕಾಯುತ್ತಿದ್ದೆ. ಆಗ ಕೊಂಕಣ ರೈಲು ಇರಲಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಬರಬೇಕಿತ್ತು. ಊರಲ್ಲೇ ಇರು ಎಂದು ಅಮ್ಮ ದಿನವೂ ಹೇಳುತ್ತಿದ್ದಳು, ನನ್ನ ಮನಸ್ಸೂ ಅರ್ಧ ವಾಲಿತ್ತು. ಅಷ್ಟರಲ್ಲಿ ಆ ಕಚೇರಿಯ ಹೆಡ್ ಕ್ಲಾರ್ಕರಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಮಳೆ ಹಿಡಿದಿದೆ, ಕೊಡೆ ಮರೆಯಬೇಡಿ, ಡೊಂಬಿವಲಿಯಲ್ಲಿ ನಮ್ಮವರ ಕೋಣೆಯಲ್ಲಿ ಒಬ್ಬರಿಗೆ ಜಾಗವಿದೆ, ಹೇಳಿಟ್ಟಿದ್ದೇನೆ, ಅಲ್ಲಿಂದ ಲೋಕಲ್ ರೈಲಿನಲ್ಲಿ ವಿ.ಟಿ. ನಿಲ್ದಾಣದಲ್ಲಿ (ಈಗಿನ ಸಿ.ಎಸ್.ಎಂ.ಟಿ.) ಇಳಿದು ಹೊರಗೆ ಬಂದರೆ ಕಚೇರಿಗೆ ಹತ್ತು ನಿಮಿಷದ ನಡಿಗೆ ಎಂದು ಬರೆದಿದ್ದರು. ಅಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು. ಮರುದಿನ ಟ್ರಂಕನ್ನು ಅಟ್ಟದಿಂದ ಇಳಿಸಿದವಳೂ ಅವಳೇ.

ಮಾಡಬಾರದ ಕೆಲವು ಸಂಗತಿಗಳೂ ಇವೆ. ಹಳೆಯ ಕಚೇರಿಯ ವೇಳೆಯಲ್ಲಿ ಕರೆಯಬೇಡಿ. ಅವರು ಇನ್ನೂ ಬೇರೆಯವರ ಸಂಬಳ ತಿನ್ನುತ್ತಿದ್ದಾರೆ. ಡ್ರಾಯಿಂಗ್ ಕಳಿಸಿ ರಾತ್ರಿ ನೋಡಿಡಿ ಎನ್ನುವುದು ಸಂಬಳವಿಲ್ಲದ ದುಡಿಮೆಯಾಗುತ್ತದೆ. ನೋಟಿಸ್ ಅರ್ಧಕ್ಕೇ ಬಿಟ್ಟು ಬನ್ನಿ ಎಂದು ಒತ್ತಾಯಿಸಬೇಡಿ. ಹಾಗೆ ಬಂದವರು ತಮ್ಮನ್ನೂ ಹಾಗೆಯೇ ಬಿಟ್ಟು ಹೋದಾರು.

ಮಾತಿನ ಬೆಲೆಯ ಬಗ್ಗೆ ಕೇಳಿದ್ದೀರಿ. 2022ರಲ್ಲಿ ಆಫರ್ ಲೆಟರ್ ಕೈಯಲ್ಲಿ ಹಿಡಿದ ಎಷ್ಟೋ ಎಂಜಿನಿಯರಿಂಗ್ ಪದವೀಧರರನ್ನು ದೊಡ್ಡ ಐಟಿ ಕಂಪನಿಗಳೇ ತಿಂಗಳುಗಟ್ಟಲೆ ಕಾಯಿಸಿದವು, ಕೆಲವರ ಆಫರನ್ನು ಹಿಂದಕ್ಕೂ ಪಡೆದವು. ಅದನ್ನು ಕಂಡ ಪೀಳಿಗೆ ಎರಡೆರಡು ಆಫರ್ ಕೈಯಲ್ಲಿಟ್ಟುಕೊಳ್ಳುವುದನ್ನು ಕಲಿತಿದ್ದರೆ ಪೂರ್ತಿ ತಪ್ಪನ್ನು ಅವರ ಮೇಲೆ ಹೊರಿಸಲು ನನಗೆ ಮನಸ್ಸಾಗುವುದಿಲ್ಲ. ತಮ್ಮ ಆರ್ಡರ್ ಕೈತಪ್ಪಿ ಸೇರುವ ದಿನ ಮುಂದಕ್ಕೆ ಹೋಗುವಂತಿದ್ದರೆ ಅದು ಗೊತ್ತಾದ ದಿನವೇ ತಿಳಿಸಿ; ಅವರು ರಾಜೀನಾಮೆ ಕೊಟ್ಟಾಗಿದೆ. ಅಂತೆಯೇ ಮೊದಲ ಕರೆಯಲ್ಲೇ, ಮನಸ್ಸು ಬದಲಾದರೆ ನನಗೇ ಫೋನ್ ಮಾಡಿ, ನಾನು ಬೈಯುವುದಿಲ್ಲ ಎಂದು ಹೇಳಿಬಿಡಿ. ಸೇರುವ ದಿನ ಬೆಳಿಗ್ಗೆ ಬಂದ ಆ ಒಂದು ಸಾಲು ತಿಂಗಳ ಮುಂಚೆಯೇ ಬಂದಿದ್ದರೆ ತಾವು ಬೇರೆಯವರನ್ನು ಹುಡುಕಬಹುದಿತ್ತು.

ಧಾರವಾಡದವರಿಗೆ ಈ ಭಾನುವಾರವೇ ಫೋನ್ ಮಾಡಿ. ಮನೆ ಗೊತ್ತಾಯಿತೇ ಎಂದು ಕೇಳಿ. ಆಗಿಲ್ಲವೆಂದರೆ ಮೊದಲ ಹದಿನೈದು ದಿನ ಇಳಿದುಕೊಳ್ಳಲು ಭೋಸರಿಯಲ್ಲೇ ಒಂದು ಕೋಣೆ ನೋಡಿಡಿ. ಸೇರುವ ದಿನ ಗೇಟಿನ ಕಾವಲುಗಾರನಿಗೆ ಅವರ ಹೆಸರು ಮೊದಲೇ ತಿಳಿದಿರಲಿ.

— ಸಂಪಾದಕ