ಗಟ್ಟಿ ಅಗ್ರಿಮೆಂಟ್ ಇದ್ದರೆ ಕಂಪನಿ ಮೇಲೆ ಕೇಸ್ ಬೀಳಲ್ವಾ?

ಪೀಣ್ಯದಲ್ಲಿ ನಿಮ್ಮದು 40 ಜನರ ಕಂಪನಿ. ಮುಂದೆ ಯಾರೂ ಕೋರ್ಟಿಗೆ ಹೋಗದಂತೆ ಲಾಯರ್ ಹತ್ತಿರ ಗಟ್ಟಿ ಅಗ್ರಿಮೆಂಟ್ ಬರೆಸಿದರೆ ಸಾಕಾ, ನೀತಿ ನಿಯಮ ಅಂತೆಲ್ಲ ಸಣ್ಣ ಕಂಪನಿಗೆ ಬೇಕಾ ಅಂತ ಕೇಳಿದ್ದೀರಿ. ನಾನು ಲಾಯರ್ ಅಲ್ಲ. ಪೀಣ್ಯದಲ್ಲೇ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ 14 ವರ್ಷ ಸಂಬಳ, ಪಿಎಫ್, ಲೆಕ್ಕಪತ್ರ ನೋಡಿಕೊಂಡವನು. ಕೇಸ್ ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ.

ನಮ್ಮಲ್ಲಿ ಲೇತ್ ಮೆಷಿನ್ ಮೇಲಿದ್ದ ಒಬ್ಬರು 11 ವರ್ಷ ದುಡಿದು ಕೆಲಸ ಬಿಟ್ಟರು. ತಿಪಟೂರಿನ ಕಡೆಯವರು. ತಂದೆಗೆ ಹುಷಾರಿರಲಿಲ್ಲ, ತೋಟ ನೋಡಿಕೊಳ್ಳಲು ಯಾರೂ ಇರಲಿಲ್ಲ. ದೊಡ್ಡ ಆರ್ಡರ್ ನಡುವೆ ಬಿಟ್ಟು ಹೋದರು ಅಂತ ಮಾಲೀಕರಿಗೆ ಸಿಟ್ಟು. "ಗ್ರಾಚ್ಯುಟಿ ಆಮೇಲೆ ನೋಡೋಣ" ಅಂದರು. ಗ್ರಾಚ್ಯುಟಿ ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು. ಲೆಕ್ಕ ಹಾಕಿದವನು ನಾನೇ. ಕೊನೆಯ ತಿಂಗಳ ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 18,200 ರೂಪಾಯಿ. ತಿಂಗಳಿಗೆ 26 ಕೆಲಸದ ದಿನ ಅಂತ ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ 15 ದಿನದಂತೆ 10,500. ಹನ್ನೊಂದು ವರ್ಷಕ್ಕೆ 1,15,500. ಕಾನೂನಿನ ಪ್ರಕಾರ ಇದನ್ನು 30 ದಿನದೊಳಗೆ ಕೊಡಬೇಕು.

ಅವರು ನಾಲ್ಕು ಸಲ ಬಂದರು. ನಾಲ್ಕು ಸಲವೂ "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ" ಅಂತ ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸಿದರು. ಹನ್ನೊಂದು ವರ್ಷ ಅದೇ ಗೇಟಿನಿಂದ ಒಳಗೆ ಬಂದ ಮನುಷ್ಯ. ಐದನೇ ಸಲ ಅವರು ನಮ್ಮ ಕಡೆ ಬರಲಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು.

ಕೊನೆಗೆ ಕಂಪನಿ ಅಸಲೂ ಕೊಟ್ಟಿತು, ಬಡ್ಡಿಯೂ ಕೊಟ್ಟಿತು. ಲಾಯರ್ ಫೀಸ್ ಬೇರೆ. ಅಷ್ಟರಲ್ಲಿ, ಹಿಂದೆ ಕೆಲಸ ಬಿಟ್ಟು ಸುಮ್ನೆ ಇದ್ದ ಇನ್ನೂ ಆರು ಜನರಿಗೆ ಸುದ್ದಿ ಮುಟ್ಟಿತ್ತು. ಅವರೂ ಅರ್ಜಿ ಹಾಕಿದರು. ವಿಚಾರಣೆ ದಿನ ವರಾಂಡದಲ್ಲಿ ಸಿಕ್ಕಾಗ ಆ ತಿಪಟೂರಿನವರು ನನಗೆ ಹೇಳಿದ್ದು ಇಷ್ಟೇ: "ಸರ್, ಒಳಗೆ ಕರೆದು ಕೂರಿಸಿ, ಮೂರು ತಿಂಗಳು ಟೈಮ್ ಕೊಡಪ್ಪ ಅಂದಿದ್ರೆ ನಾನು ಕಾಯ್ತಿದ್ದೆ." ನನಗೆ ಉತ್ತರ ಹೊಳೆಯಲಿಲ್ಲ. ಎಷ್ಟು ಕೊಡಬೇಕು ಅಂತ ಪೈಸೆ ಸಮೇತ ಗೊತ್ತಿದ್ದೂ ನಾನು ಗೇಟಿನವರೆಗೆ ಎದ್ದು ಹೋಗಿರಲಿಲ್ಲ.

ಹಾಗಾಗಿ ಸಣ್ಣ ಕಂಪನಿಗೆ ನೀತಿ ಅಂದರೆ ನನ್ನ ಲೆಕ್ಕದಲ್ಲಿ ಎರಡೇ. ಕೊಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಕೊಡುವುದು. ಕೊಡಲು ಆಗದಿದ್ದಾಗ ಮುಖ ತಪ್ಪಿಸದೆ ಕೂತು ಮಾತಾಡುವುದು.

ಅಗ್ರಿಮೆಂಟ್ ಖಂಡಿತ ಬೇಕು. ಸಂಬಳ ಎಷ್ಟು, ಕೆಲಸ ಏನು, ನೋಟಿಸ್ ಎಷ್ಟು ದಿನ ಅಂತ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದುಕೊಡಿ. ಆದರೆ ಕಾನೂನು ಕೊಟ್ಟ ಹಕ್ಕನ್ನು ಸಹಿ ಹಾಕಿಸಿಕೊಂಡು ಕಿತ್ತುಕೊಳ್ಳಲು ಆಗುವುದಿಲ್ಲ. "ನನಗೆ ಗ್ರಾಚ್ಯುಟಿ ಬೇಡ" ಅಂತ ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆ ಕಂಪನಿ ಸೇರಬಾರದು ಅನ್ನುವ ಷರತ್ತೂ ಅಷ್ಟೇ, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಬಿದ್ದುಹೋಗುತ್ತದೆ. ಇನ್ನು ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವುದು, ಖಾಲಿ ಹಾಳೆಗೆ ಸಹಿ ತೆಗೆದುಕೊಳ್ಳುವುದು ದಯವಿಟ್ಟು ಬೇಡ. ನಾಳೆ ಅವೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತವೆ.

ಒಂದು ವಿಷಯ ಗಮನಿಸಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಇಂತಿಷ್ಟೇ ಅವಧಿಗೆ ಅಂತ ಸೇರಿಸಿಕೊಂಡವರಿಗೆ ಗ್ರಾಚ್ಯುಟಿಗೆ ಐದು ವರ್ಷ ಬೇಕಿಲ್ಲ, ಒಂದು ವರ್ಷ ಸಾಕು.

ಪೀಣ್ಯದವರು ಜಾಸ್ತಿ ಎಡವುವುದು ಕಾಂಟ್ರಾಕ್ಟ್ ಕಾರ್ಮಿಕರ ವಿಷಯದಲ್ಲಿ. ಕಾಂಟ್ರಾಕ್ಟರ್‌ಗೆ ಬಿಲ್ ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುತ್ತಾರೆ. ಅವನು ಇಎಸ್‌ಐ (ಕಾರ್ಮಿಕರ ವಿಮೆ), ಪಿಎಫ್ ಕಟ್ಟದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ. ಪ್ರೆಸ್ ಮೆಷಿನ್ ಮೇಲೆ ಕೆಲಸ ಮಾಡುವ ಹುಡುಗನ ಬೆರಳು ಹೋದ ದಿನ ಇಎಸ್‌ಐ ನಂಬರ್ ಹುಡುಕುವ ಪರಿಸ್ಥಿತಿ ಯಾರಿಗೂ ಬರಬಾರದು. ಪ್ರತಿ ತಿಂಗಳು ಹೆಸರು ಹೆಸರಾಗಿ ಚಲನ್ ತೋರಿಸಿದರೆ ಮಾತ್ರ ಬಿಲ್ ಪಾಸ್ ಮಾಡಿ. ಮೆಷಿನ್‌ಗೆ ಕೈ ಸಿಗದಂತೆ ತಡೆಯುವ ಗಾರ್ಡ್ ಹಾಕಿದ್ದಾರಾ ಅಂತ ನೀವೇ ಶಾಪ್ ಫ್ಲೋರ್‌ಗೆ ಇಳಿದು ನೋಡಿ. ಕೆಲಸ ಬೇಗ ಆಗಲಿ ಅಂತ ಗಾರ್ಡ್ ಬಿಚ್ಚಿಡುವುದನ್ನು ಸೂಪರ್‌ವೈಸರ್ ನಿಮಗೆ ಹೇಳುವುದಿಲ್ಲ.

10 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿ ಆದ್ದರಿಂದ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ನಿಮಗೆ ಕಡ್ಡಾಯ. ಅಧ್ಯಕ್ಷತೆ ಮಹಿಳೆಯದೇ ಆಗಿರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರಿರಬೇಕು. ಸಮಿತಿ ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ದಂಡ ದೊಡ್ಡದಲ್ಲ. ಆದರೆ ಪ್ಯಾಕಿಂಗ್‌ನಲ್ಲಿರುವ ಒಬ್ಬ ಹೆಣ್ಣುಮಗಳು ಹೇಳಿಕೊಳ್ಳಲು ಜಾಗವಿಲ್ಲದೆ ಅಳುತ್ತಾ ಮನೆಗೆ ಹೋಗುವುದು ದೊಡ್ಡದು, ಅಲ್ವಾ? ನೋಟಿಸ್ ಬೋರ್ಡ್‌ನಲ್ಲಿರುವ ಸಮಿತಿ ಸದಸ್ಯರ ಹೆಸರುಗಳಲ್ಲಿ ಎಷ್ಟು ಜನ ಇನ್ನೂ ನಿಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಒಮ್ಮೆ ನೋಡಿ.

ನಿಮಗೆ ಮಾಲು ಕೊಡುವ ಸಣ್ಣ ಉದ್ಯಮದವರು ನೋಂದಾಯಿತರಾಗಿದ್ದರೆ ಅವರ ಬಿಲ್ ಗರಿಷ್ಠ 45 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಇಷ್ಟಾದರೂ ಜಗಳ ಬರಬಹುದು. ಬಂದರೆ ಹಳೇ ದಿನಾಂಕ ಹಾಕಿ ಕಾಗದ ಸೃಷ್ಟಿಸಬೇಡಿ. ಯಾರು ಎಷ್ಟೇ ಧೈರ್ಯ ಹೇಳಿದರೂ ಬೇಡ. ಕೋರ್ಟಿಗೆ ಹೋದ ಎಷ್ಟೋ ಜಗಳಗಳು 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ಇಬ್ಬರೂ ಒಪ್ಪಿ ಮುಗಿಯುತ್ತವೆ. ಅಲ್ಲಿಗೆ ಕಳಿಸಿದರೆ ಲಾಯರ್ ಒಬ್ಬರನ್ನೇ ಕಳಿಸಬೇಡಿ, ನೀವೇ ಹೋಗಿ.

ಈ ವಾರ ಒಂದು ಕೆಲಸ ಮಾಡಿ. ಇಲ್ಲಿಯವರೆಗೆ ನಿಮ್ಮಲ್ಲಿ ಕೆಲಸ ಬಿಟ್ಟವರ ಪಟ್ಟಿ ತೆಗೆಸಿ. ಐದು ವರ್ಷ ದಾಟಿದವರ ಹೆಸರಿನ ಮುಂದೆ ದುಡ್ಡು ಕೊಟ್ಟ ದಿನಾಂಕ ಇದೆಯಾ ನೋಡಿ. ಇಲ್ಲದಿದ್ದರೆ ಅವರಿಗೆ ನೀವೇ ಫೋನ್ ಮಾಡಿ.