ಪವರ್ ವೀಲ್‌ಚೇರ್ ಬಳಸುವವರಿಗೆ ಯಾವ ಕ್ರೂಸ್ ಕಂಪನಿ ಒಳ್ಳೆಯದು?

ಅಮ್ಮನದು ಪವರ್ ವೀಲ್‌ಚೇರ್, ಹೆಜ್ಜೆ ಇಡಲು ಆಗುವುದಿಲ್ಲ, ಕ್ರೂಸ್‌ಗೆ ಕರೆದುಕೊಂಡು ಹೋಗಲು ಯಾವ ಕಂಪನಿ ಆರಿಸಲಿ ಅಂತ ಕೇಳಿದ್ದೀರಿ. ನಾನೂ ಅಂಥದ್ದೇ ಕುರ್ಚಿಯಲ್ಲಿ ಓಡಾಡುವವಳು, ನಾನೂ ಹುಡುಕಲು ಶುರು ಮಾಡಿದ್ದು ಇದೇ ಪ್ರಶ್ನೆಯಿಂದ. ಈ ಪ್ರಶ್ನೆಯನ್ನೇ ಬಿಟ್ಟುಬಿಡಿ. ಮೊದಲು ಬಂದರುಗಳನ್ನು ನೋಡಿ, ಆಮೇಲೆ ಕ್ಯಾಬಿನ್ ನೋಡಿ. ಇವೆರಡು ಹೊಂದಿದ ಹಡಗು ಯಾವ ಕಂಪನಿಯದಾದರೂ ನಡೆಯುತ್ತದೆ.

ಪೂರ್ತಿ ದುಡ್ಡು ಕೊಟ್ಟೂ ಊರು ನೋಡದೆ ಹಡಗಿನಲ್ಲೇ ಉಳಿಯುವಂತೆ ಮಾಡುವುದು ಟೆಂಡರ್. ಮೊದಲ ಸಲ ಬುಕ್ ಮಾಡುವವರು ಹೆಚ್ಚಾಗಿ ತಪ್ಪುವುದು ಇಲ್ಲೇ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಪ್ರವಾಸದ ಪಟ್ಟಿಯಲ್ಲಿ ಒಂದು ಬಂದರಿನ ಹೆಸರಿದ್ದ ಮಾತ್ರಕ್ಕೆ ಹಡಗು ಅಲ್ಲಿ ಜೆಟ್ಟಿಗೆ ತಾಗಿ ನಿಲ್ಲುತ್ತದೆ ಅಂತ ಅರ್ಥವಲ್ಲ. ನೀರಿನ ಆಳ ಸಾಲದ ಕಡೆ, ಜೆಟ್ಟಿ ಚಿಕ್ಕದಾದ ಕಡೆ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಜನರನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ಸಾಗಿಸುತ್ತಾರೆ, ಆ ದೋಣಿಯೇ ಟೆಂಡರ್. ಹಡಗಿನ ಪಕ್ಕದಲ್ಲಿ ನೀರಿನ ಮಟ್ಟಕ್ಕೆ ಹತ್ತಿರ ಒಂದು ಬಾಗಿಲು, ಅದರಾಚೆ ಪುಟ್ಟ ವೇದಿಕೆ, ಅದಕ್ಕೆ ತಾಗಿ ದೋಣಿ. ಹಡಗು ಅಲುಗುವುದು ಕಡಿಮೆ, ದೋಣಿ ಮಾತ್ರ ಪ್ರತಿ ಅಲೆಗೂ ಏಳುತ್ತದೆ, ಬೀಳುತ್ತದೆ. ನಡುವಿನ ಸಂದು ಅಗಲವಾಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬಂದ ಕ್ಷಣದಲ್ಲಿ ಸಿಬ್ಬಂದಿ ತೋಳು ಹಿಡಿದು ದಾಟಿಸುತ್ತಾರೆ. ನಾಲ್ಕು ಹೆಜ್ಜೆ ಹಾಕಬಲ್ಲವರಿಗೆ ಇದು ಸಾಧ್ಯ, ಅವರ ಮಡಚುವ ಕುರ್ಚಿ ಹಿಂದಿನಿಂದ ಬರುತ್ತದೆ. ಪವರ್ ಕುರ್ಚಿಯ ತೂಕವೇ ನೂರು ಕಿಲೋ ದಾಟುವುದುಂಟು, ಹಾಗಾಗಿ ಹೆಚ್ಚಿನ ಕಡೆ ಅದನ್ನು ಟೆಂಡರಿಗೆ ಹತ್ತಿಸುವುದೇ ಇಲ್ಲ. ಕೆಲವು ಹಡಗುಗಳಲ್ಲಿ ಇದಕ್ಕೆಂದೇ ಲಿಫ್ಟ್ ಇದೆ. ಆದರೂ ಅಲೆ ಜೋರಾಗಿದ್ದರೆ ಬೇಡ ಅನ್ನುವ ಅಧಿಕಾರ ಕ್ಯಾಪ್ಟನ್‌ಗಿದೆ, ಮತ್ತು ಹಾಗೆ ಹೇಳಿದಾಗ ಅವರ ಮಾತೇ ಸರಿ.

ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ, ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್, ಬೆಲೀಜ್ ಸಿಟಿ, ಕಾಬೊ ಸ್ಯಾನ್ ಲುಕಾಸ್, ಇವೆಲ್ಲ ಟೆಂಡರ್ ಬಂದರುಗಳು. ಸ್ಯಾಂಟೊರಿನಿಯಲ್ಲಿ ದಡ ಸೇರಿದರೂ ಮುಗಿಯುವುದಿಲ್ಲ, ಫಿರಾ ಪಟ್ಟಣ ಇರುವುದು ಕಡಿದಾದ ಬಂಡೆಯ ನೆತ್ತಿಯಲ್ಲಿ. ಕೇಬಲ್ ಕಾರ್ ಬಿಟ್ಟರೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಫೋಟೋ ಎಷ್ಟೇ ಚೆಂದವಿರಲಿ, ಅಮ್ಮನ ಜೊತೆ ಮೊದಲ ಪ್ರಯಾಣಕ್ಕೆ ಗ್ರೀಸ್ ದ್ವೀಪಗಳು ಬೇಡ ಅಂತಲೇ ನಾನು ಹೇಳುವುದು. ಅಲಾಸ್ಕಾ ನೋಡಿ. ಜೂನೋ, ಸ್ಕ್ಯಾಗ್ವೇ, ಕೆಚಿಕನ್‌ಗಳಲ್ಲಿ ಹಡಗು ಸಾಮಾನ್ಯವಾಗಿ ಜೆಟ್ಟಿಗೇ ಬರುತ್ತದೆ. ಗ್ಲೇಸಿಯರ್ ಬೇಯಲ್ಲಂತೂ ಕ್ರೂಸ್ ಹಡಗಿನಿಂದ ಯಾರೂ ಕೆಳಗಿಳಿಯುವುದಿಲ್ಲ, ಎಲ್ಲರೂ ಡೆಕ್ ಮೇಲಿಂದಲೇ ಹಿಮನದಿ ನೋಡುವುದು. ಅಮ್ಮನಿಗೆ ಅಲ್ಲಿ ಯಾರಿಗಿಂತಲೂ ಕಡಿಮೆ ಸಿಗುವುದಿಲ್ಲ.

ಒಂದೇ ಬಂದರಿನಲ್ಲಿ ಹಡಗುಗಳು ಜಾಸ್ತಿಯಾದ ದಿನ ಕೆಲವನ್ನು ಹೊರಗೆ ಲಂಗರು ಹಾಕಿಸುತ್ತಾರೆ. ಆದ್ದರಿಂದ "ಅಲ್ಲಿ ಟೆಂಡರ್ ಇದೆಯಾ" ಅಂತ ಕೇಳಿದರೆ ಸಾಲದು, "ಈ ಹಡಗು, ಈ ತಾರೀಖು, ಜೆಟ್ಟಿಯೋ ಟೆಂಡರೋ" ಅಂತ ಕೇಳಿ. ಜೆಟ್ಟಿ ಇದ್ದರೂ ಗ್ಯಾಂಗ್‌ವೇ, ಅಂದರೆ ಹಡಗಿನಿಂದ ಜೆಟ್ಟಿಗೆ ಇಳಿಯುವ ಹಲಗೆದಾರಿ, ಅದರ ಇಳಿಜಾರು ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ಬದಲಾಗುತ್ತದೆ. ಬೆಳಿಗ್ಗೆ ಸಲೀಸಾಗಿ ಇಳಿದ ದಾರಿ ಸಂಜೆ ಕಡಿದಾಗಿರಬಹುದು. ಹಿಂತಿರುಗಲು ಕೊನೇ ಗಳಿಗೆವರೆಗೆ ಕಾಯಬೇಡಿ.

ಇನ್ನು ಕ್ಯಾಬಿನ್. ಮಾಮೂಲಿ ಕ್ಯಾಬಿನ್ ಬಾಗಿಲು ಅನೇಕ ಹಡಗುಗಳಲ್ಲಿ 22–23 ಇಂಚು ಅಷ್ಟೇ, ಬಚ್ಚಲಿಗೆ ಎತ್ತರದ ಹೊಸ್ತಿಲು ಬೇರೆ. ಅಂಗವಿಕಲರಿಗೆಂದು ಮಾಡಿದ ಆಕ್ಸೆಸಿಬಲ್ ಕ್ಯಾಬಿನ್ನಿನ ಬಾಗಿಲು ಸುಮಾರು 32 ಇಂಚು ಇರುತ್ತದೆ. ಆದರೆ ಆ ಹೆಸರಿನಲ್ಲೂ ತರಹೇವಾರಿ. ಕೆಲವದರಲ್ಲಿ ಹಾಸಿಗೆಯ ಒಂದೇ ಬದಿಗೆ ಕುರ್ಚಿ ಹೋಗುತ್ತದೆ. ಇನ್ನು ಕೆಲವು ಕೋಲು ಹಿಡಿದು ನಡೆಯುವವರಿಗೆ ಮಾಡಿದ್ದು, ಹಿಡಿಕೆಗಳಷ್ಟೇ ಇರುತ್ತವೆ, ಕುರ್ಚಿ ತಿರುಗಿಸಲು ಜಾಗ ಇರುವುದಿಲ್ಲ. ಅಮ್ಮನಿಗೆ ಬೇಕಾದ್ದು ಪೂರ್ತಿ ಆಕ್ಸೆಸಿಬಲ್. ಒಳಗೆ ತಿರುಗಲು ಸುಮಾರು ಐದಡಿ ಅಡ್ಡಗಲದ ಖಾಲಿ ಜಾಗ ಇರಬೇಕು. ಕಮೋಡಿನ ಯಾವ ಬದಿ ಖಾಲಿ ಇದೆ ಅಂತ ಕೇಳಿ, ಎಡದಿಂದ ಜರುಗಿ ಅಭ್ಯಾಸವಿರುವವರಿಗೆ ಬಲಬದಿ ಖಾಲಿಯಿದ್ದು ಏನೂ ಉಪಯೋಗವಿಲ್ಲ. ಅಮ್ಮನನ್ನು ಎತ್ತಿ ಕೂರಿಸುವ ಸಾಧನ (ಹೋಯ್ಸ್ಟ್) ಬಳಸುವುದಾದರೆ ಅದರ ಕಾಲುಗಳು ಮಂಚದಡಿ ತೂರುತ್ತವೆಯೇ, ಮಂಚ ಎತ್ತರಿಸಿ ಕೊಡುತ್ತಾರೆಯೇ ಅಂತಲೂ ಕೇಳಿ. ಬಾಲ್ಕನಿಯ ಹೊಸ್ತಿಲಿಗೆ ರ‍್ಯಾಂಪ್ ಬೇಕೆಂದು ಮೊದಲೇ ಹೇಳಿಡಿ. ಇಂಥ ಕ್ಯಾಬಿನ್‌ಗಳು ಪ್ರತಿ ಹಡಗಿನಲ್ಲೂ ಕಡಿಮೆ, ವರ್ಷ ಮುಂಚೆಯೇ ಹಿಡಿಯಬೇಕು. ಮಾಮೂಲಿ ಕ್ಯಾಬಿನ್ ತಗೊಂಡು ಕುರ್ಚಿಯನ್ನು ಹೊರಗಿಡೋಣ ಅಂದುಕೊಳ್ಳಬೇಡಿ. ಕಾರಿಡಾರ್ ತುರ್ತು ದಾರಿ, ಅಲ್ಲಿ ನಿಲ್ಲಿಸಲು ಬಿಡುವುದಿಲ್ಲ.

ಚಾರ್ಜ್ ಮಾಡಲು ಸರ್ಜ್ ಪ್ರೊಟೆಕ್ಟರ್ ಇರುವ ಪವರ್ ಸ್ಟ್ರಿಪ್ ತರಬೇಡಿ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಡಗಿನವರಿಂದಲೇ ಎಕ್ಸ್‌ಟೆನ್ಶನ್ ಕೇಳಿ. ವಿಮಾನದಲ್ಲಿ ಹೋಗಿ ಹಡಗು ಹತ್ತುವುದಾದರೆ ಬ್ಯಾಟರಿ ಯಾವ ಜಾತಿಯದೆಂದು ವಿಮಾನ ಕಂಪನಿಗೂ ತಿಳಿಸಿ. ಕುರ್ಚಿಯಿಂದ ಬಿಚ್ಚಿ ಒಯ್ಯುವ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ 300 ವ್ಯಾಟ್-ಅವರ್ ಮಿತಿ. ಹಡಗು ಹೊರಡುವ ದಿನವೇ ವಿಮಾನ ಇಳಿಯಬೇಡಿ. ಸಾಗಣೆಯಲ್ಲಿ ಕುರ್ಚಿಗೆ ಪೆಟ್ಟಾದರೆ ಸರಿಪಡಿಸಲು ಒಂದು ದಿನವಾದರೂ ಕೈಯಲ್ಲಿರಲಿ.

ದಡದ ಟೂರ್‌ಗಳಲ್ಲಿ "ಸುಲಭ" ಅಂತ ಬರೆದಿದ್ದರೆ ನಡಿಗೆ ಕಡಿಮೆ ಅಂತಷ್ಟೇ ಅರ್ಥ, ಬಸ್ಸಿಗೆ ಲಿಫ್ಟ್ ಇದೆ ಅಂತಲ್ಲ. ಲಿಫ್ಟ್ ಇರುವ ಬಸ್ಸೇ ಬೇಕೆಂದು ಬರೆಸಿ. ನದಿ ಕ್ರೂಸ್ ಯೋಚನೆ ಇದ್ದರೆ ಬಿಟ್ಟುಬಿಡಿ. ಆ ಹಡಗುಗಳನ್ನು ಎಷ್ಟೋ ಕಡೆ ಪಕ್ಕಪಕ್ಕಕ್ಕೆ ಕಟ್ಟಿ ನಿಲ್ಲಿಸುತ್ತಾರೆ, ಆಗ ದಡ ಸೇರಲು ಇನ್ನೊಂದು ಹಡಗನ್ನು ದಾಟಬೇಕು.

ಬೆಂಕಿಯಂಥ ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಹತ್ತಿದ ದಿನವೇ, ಅಮ್ಮನನ್ನು ಮೆಟ್ಟಿಲಿನಲ್ಲಿ ಇಳಿಸಲು ಯಾರು ಬರುತ್ತಾರೆ, ಇವ್ಯಾಕ್ಯುಯೇಷನ್ ಕುರ್ಚಿ ಎಲ್ಲಿದೆ ಅಂತ ಕೇಳಿ ತಿಳಿದುಕೊಳ್ಳಿ.

ಕಾನೂನಿನ ಬಲವೂ ಇದೆ. ಯೂರೋಪಿನ 1177/2010 ನಿಯಮದ ಪ್ರಕಾರ, 48 ಗಂಟೆ ಮುಂಚೆ ತಿಳಿಸಿದರೆ ಬಂದರಿನಲ್ಲೂ ಹಡಗಿನಲ್ಲೂ ಉಚಿತ ನೆರವು ಕೊಡಬೇಕು, ಕ್ಯಾಬಿನ್ ಬಗೆಗಿನ ಅಗತ್ಯಗಳನ್ನು ಮಾತ್ರ ಬುಕ್ ಮಾಡುವಾಗಲೇ ಹೇಳಬೇಕು. ಅಮೆರಿಕದ ಅಂಗವಿಕಲರ ಕಾಯ್ದೆ ಅಲ್ಲಿನ ನೀರಿನಲ್ಲಿರುವ ವಿದೇಶಿ ಧ್ವಜದ ಕ್ರೂಸ್ ಹಡಗುಗಳಿಗೂ ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ.

ಕಂಪನಿಗೆ ಬರೆಯುವ ಮುಂಚೆ ಕುರ್ಚಿಯ ಅಗಲ, ಉದ್ದ, ತೂಕ ಅಳೆದಿಟ್ಟುಕೊಳ್ಳಿ. ಅಗಲ ಅಳೆಯುವಾಗ ಜಾಯ್‌ಸ್ಟಿಕ್ ಹೊರಗೆ ಚಾಚಿದ್ದರೆ ಅದನ್ನೂ ಸೇರಿಸಿ. ಉತ್ತರ ಇಮೇಲಿನಲ್ಲಿ, ಇಂಚುಗಳಲ್ಲಿ ಬರಬೇಕು. "ವೀಲ್‌ಚೇರ್ ಫ್ರೆಂಡ್ಲಿ, ತೊಂದರೆ ಇಲ್ಲ ಮೇಡಂ" ಅಂತಷ್ಟೇ ಹೇಳುವ ಏಜೆಂಟ್‌ಗೆ ಅಡ್ವಾನ್ಸ್ ಕೊಡಬೇಡಿ.