ಐಎಲ್‌ಡಿಗೆ ಶ್ವಾಸಕೋಶದ ಬಯಾಪ್ಸಿ ಮಾಡಿಸುವುದು ಎಷ್ಟು ಸೇಫ್?

ತಾಯಿಗೆ 64 ವರ್ಷ, ಸಿ.ಟಿ.ಯಲ್ಲಿ ಐಎಲ್‌ಡಿ (ಶ್ವಾಸಕೋಶದ ಒಳಗಿನ ತೆಳು ಜಾಲರಿ ಊದಿಕೊಂಡು ಗಟ್ಟಿಯಾಗುವ ಕಾಯಿಲೆಗಳ ಗುಂಪು) ಅಂತ ಬಂದಿದೆ, ಒಬ್ಬ ಡಾಕ್ಟರ್ ಕ್ರಯೋ ಬಯಾಪ್ಸಿ ಅಂದರೆ ಇನ್ನೊಬ್ಬರು ಆಪರೇಷನ್ ಮಾಡಿ ತುಂಡು ತೆಗೆಯೋಣ ಅಂತಾರೆ, ಯಾವುದಕ್ಕೆ ಒಪ್ಪಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಸ್ಕೋಪ್ ಅನ್ನೋ ಕ್ಯಾಮೆರಾ ಟ್ಯೂಬ್ ಬಿಟ್ಟು ನೋಡುವುದು) ರೂಮಿನ ನರ್ಸ್. ಕಂಡಿದ್ದನ್ನು ಹೇಳುತ್ತೇನೆ.

ಕ್ರಯೋದಲ್ಲಿ ಮತ್ತು ಬರಿಸಿ, ಗಂಟಲಿಗೆ ಟ್ಯೂಬ್ ಹಾಕಿ, ಪೆನ್ನಿನ ರೀಫಿಲ್‌ನಷ್ಟು ಸಣ್ಣ ಪ್ರೋಬ್ ಒಳಗೆ ಬಿಡುತ್ತಾರೆ. ಗ್ಯಾಸ್ ಹರಿದು ಅದರ ತುದಿ ಹೆಪ್ಪುಗಟ್ಟುತ್ತದೆ. ನಾನು ಜೋರಾಗಿ ಸೆಕೆಂಡ್ ಎಣಿಸುತ್ತೇನೆ. ಐದು ಅನ್ನುವಷ್ಟರಲ್ಲಿ ಡಾಕ್ಟರ್ ಸ್ಕೋಪ್ ಸಮೇತ ಎಳೆದುಬಿಡುತ್ತಾರೆ. ಸಲೈನ್‌ನಲ್ಲಿ ಅದ್ದಿದರೆ ತೊಗರಿಕಾಳಿನಷ್ಟು ತುಣುಕು ಕಳಚಿಕೊಳ್ಳುತ್ತದೆ. ಸ್ಕೋಪ್ ಹೊರಗಿರುವ ಆ ಕೆಲವು ಕ್ಷಣ ಒಳಗೆ ರಕ್ತ ಬರುತ್ತಿದ್ದರೂ ಕಾಣುವುದಿಲ್ಲ. ಅದಕ್ಕೇ ಮೊದಲೇ ಒಂದು ಪುಟ್ಟ ಬಲೂನ್ ಕೂರಿಸಿರುತ್ತಾರೆ, ಎಳೆದ ಕೂಡಲೇ ಉಬ್ಬಿಸಬೇಕು. ನಿಮ್ಮ ಆಸ್ಪತ್ರೆಯಲ್ಲಿ ಬಲೂನ್ ಇಡುತ್ತಾರಾ, ತಿಂಗಳಿಗೆ ಎಷ್ಟು ಕೇಸ್ ಮಾಡುತ್ತಾರೆ ಅಂತ ಕೇಳಿ. ನಾಚಿಕೆ ಬೇಡ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ಕ್ರಯೋಗೆ ಒಪ್ಪಿದ್ದು ಅನುಭವ ಇರುವ ಕಡೆ ಮಾತ್ರ.

ಇನ್ನೊಂದು ತೊಂದರೆ, ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವುದು. ಕ್ರಯೋ ಆದ ನೂರು ಜನರಲ್ಲಿ ಎಂಟು ಹತ್ತು ಜನಕ್ಕೆ ಆಗುತ್ತದೆ, ಕೆಲವರಿಗೆ ಎದೆಗೆ ಟ್ಯೂಬ್ ಹಾಕಬೇಕಾಗುತ್ತದೆ.

ಆಪರೇಷನ್‌ನಲ್ಲಿ ಪಕ್ಕೆಯಲ್ಲಿ ಎರಡು ಮೂರು ತೂತು, ಆಮೇಲೆ ಎದೆಗೆ ಟ್ಯೂಬ್. ತುಂಡು ದೊಡ್ಡದು, ಹಾಗಾಗಿ ನೂರಕ್ಕೆ ತೊಂಬತ್ತರಷ್ಟು ಕೇಸಿನಲ್ಲಿ ಉತ್ತರ ಸಿಗುತ್ತದೆ. ಕ್ರಯೋದಲ್ಲಿ ಸುಮಾರು ಎಂಬತ್ತು. ಆಸ್ಟ್ರೇಲಿಯಾದಲ್ಲಿ 65 ರೋಗಿಗಳಿಗೆ ಎರಡೂ ಮಾಡಿ ಹೋಲಿಸಿ ನೋಡಿದ್ದರು. ತಜ್ಞರೆಲ್ಲ ಕೂತು ಚರ್ಚಿಸಿದಾಗ ನೂರಕ್ಕೆ 77 ಕೇಸಿನಲ್ಲಿ ಎರಡರಿಂದಲೂ ಒಂದೇ ಕಾಯಿಲೆ ಅಂತ ಬಂತು.

ಆದರೆ ನನ್ನ ಕೇಳಿದರೆ, ಯಾವ ವಿಧಾನ ಅನ್ನುವುದಕ್ಕಿಂತ ಯಾವ ಸ್ಥಿತಿಯಲ್ಲಿ ಮಾಡುತ್ತಾರೆ ಅನ್ನುವುದೇ ದೊಡ್ಡ ವಿಷಯ. ಅಮೆರಿಕದ 2000ರಿಂದ 2011ರವರೆಗಿನ ಆಸ್ಪತ್ರೆ ದಾಖಲೆಗಳಲ್ಲಿ, ಮೊದಲೇ ದಿನ ಗೊತ್ತುಮಾಡಿ ಆಪರೇಷನ್ ಬಯಾಪ್ಸಿ ಮಾಡಿಸಿದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ನೂರಕ್ಕೆ 1.7. ದಿನ ಗೊತ್ತುಮಾಡದೆ, ತುರ್ತಾಗಿ ಅಡ್ಮಿಟ್ ಆದಾಗ ಮಾಡಿಸಿದವರಲ್ಲಿ 16. ಎಷ್ಟು ವ್ಯತ್ಯಾಸ ನೋಡಿ! ತಾಯಿಗೆ ಆಕ್ಸಿಜನ್ ಬೇಕಾಗುತ್ತಿದೆಯಾ, ಡಿಎಲ್‌ಸಿಓ (ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ಚೆನ್ನಾಗಿ ದಾಟುತ್ತದೆ ಅಂತ ನೋಡುವ ಟೆಸ್ಟ್) ಎಷ್ಟಿದೆ, ಎಕೋದಲ್ಲಿ ಶ್ವಾಸಕೋಶದ ಬಿಪಿ ಜಾಸ್ತಿ ಇದೆಯಾ, ಇವನ್ನು ಮೊದಲು ಕೇಳಿ.

ಬಯಾಪ್ಸಿ ಬೇಕೇ ಬೇಕಾ ಅಂತಲೂ ಕೇಳಿ. ಎಚ್‌ಆರ್‌ಸಿಟಿಯಲ್ಲಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿ.ಟಿ.) ಜೇನುಗೂಡಿನ ಹಾಗೆ ಸ್ಪಷ್ಟ ಯುಐಪಿ (ಶ್ವಾಸಕೋಶ ಕಲೆಗಟ್ಟುವ ಒಂದು ಮಾದರಿ) ಚಿತ್ರ ಇದ್ದರೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಒಮ್ಮೆ ಒಬ್ಬ ಅಜ್ಜಿಯನ್ನು ಬಯಾಪ್ಸಿಗೆ ಅಂತ ಕರೆತಂದಿದ್ದರು. ಹಿಂದಿನ ದಿನ ಸುಮ್ನೆ ಮಾತಾಡುತ್ತಾ ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ ಪಾರಿವಾಳಗಳಿಗೆ ದಿನಾ ಕಾಳು ಹಾಕುತ್ತೇನೆ ಅಂದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ! ಡಾಕ್ಟರುಗಳು ಸಿ.ಟಿ.ಯನ್ನು ಮತ್ತೆ ನೋಡಿದರು, ಶ್ವಾಸಕೋಶ ತೊಳೆದ ನೀರನ್ನು ಟೆಸ್ಟಿಗೆ ಕಳಿಸಿದರು, ಪಾರಿವಾಳದಿಂದ ಬಂದ ಶ್ವಾಸಕೋಶದ ಅಲರ್ಜಿ ಅಂತ ಅಷ್ಟರಲ್ಲೇ ತೀರ್ಮಾನ ಆಯಿತು. ತುಂಡು ತೆಗೆಯಲೇ ಇಲ್ಲ. ನಿಮ್ಮ ಮನೆ ಹತ್ತಿರ ಪಾರಿವಾಳ, ಗೋಡೆಗೆ ಬೂಷ್ಟು, ಹಳೇ ಏರ್ ಕೂಲರ್ ಏನಾದರೂ ಇದೆಯಾ?

ಬಯಾಪ್ಸಿಗೇ ಹೋಗುವುದಾದರೆ ರಕ್ತ ತೆಳುವಾಗುವ ಮಾತ್ರೆಯ ವಿಷಯ ಮರೆಯಬೇಡಿ. ಬರೀ ಬಿಪಿ, ಶುಗರ್ ಅಂತ ಹೇಳಿ, ಕ್ಲೋಪಿಡೋಗ್ರೆಲ್ ಹೆಸರೇ ಎತ್ತದವರು ಬಹಳ ಜನ. ಡಾಕ್ಟರನ್ನು ನೋಡಲು ಹೋಗುವಾಗ ಅಮ್ಮನ ಮಾತ್ರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿಬಿಡಿ.